ಅಂಗವಿಕಲ ವಿದ್ಯಾರ್ಥಿಗಳಿಗೆ ಪರೀಕ್ಷೆಯ ವ್ಯವಸ್ಥೆ ಮಾಡುವುದು ಹೇಗೆ?

ಮೊದಲು ವಿದ್ಯಾರ್ಥಿಯನ್ನೇ ಕೇಳಿ. ಸುಮ್ನೆ ಸರ್ಟಿಫಿಕೇಟ್ ನೋಡಿ ನೀವೇ ತೀರ್ಮಾನಿಸಬೇಡಿ, ಯಾಕಂದ್ರೆ ದೃಷ್ಟಿ ಕಮ್ಮಿ ಇರುವ ಒಬ್ಬರಿಗೆ 18 ಪಾಯಿಂಟ್ ಅಕ್ಷರದ ಪ್ರಶ್ನೆಪತ್ರಿಕೆ ಸಾಕಾಗಬಹುದು, ಇನ್ನೊಬ್ಬರಿಗೆ ಸ್ಕ್ರೀನ್ ರೀಡರ್ (ಪರದೆಯ ಮೇಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರ್) ಇರುವ ಕಂಪ್ಯೂಟರೇ ಬೇಕಾಗಬಹುದು. ಈ ಮಾತುಕತೆ ಸೆಮಿಸ್ಟರ್ ಶುರುವಿನಲ್ಲೇ ಮುಗಿಯಲಿ. ಒಪ್ಪಿದ್ದನ್ನು ಬರೆದಿಟ್ಟು ಅವರಿಗೂ ಒಂದು ಪ್ರತಿ ಕೊಡಿ.

ಹೆಚ್ಚುವರಿ ಸಮಯದ ವಿಷಯದಲ್ಲೇ ಎಡವಟ್ಟು ಜಾಸ್ತಿ. ಒಂದೂವರೆ ಪಟ್ಟು ಸಮಯ ಕೊಡುವುದಾದರೆ 3 ಗಂಟೆಯ ಪರೀಕ್ಷೆಗೆ 4 ಗಂಟೆ 30 ನಿಮಿಷ. ಅಷ್ಟೂ ಹೊತ್ತು ಕೊಠಡಿ ಸಿಗುವಂತಿರಬೇಕು, ಮೇಲ್ವಿಚಾರಕರು ಇರಬೇಕು, ಅದೇ ದಿನ ಇನ್ನೊಂದು ಪೇಪರ್ ಇದ್ದರೆ ಅದನ್ನು ಮುಂದಕ್ಕೆ ಹಾಕಬೇಕು. ಶೌಚಾಲಯಕ್ಕೆ ಹೋಗಲು, ಸಕ್ಕರೆ ಮಟ್ಟ ನೋಡಿಕೊಳ್ಳಲು ಕೊಡುವ ವಿರಾಮವನ್ನು ಇದರಲ್ಲಿ ಕಳೆಯಬೇಡಿ. ಆ ನಿಮಿಷಗಳು ಬೇರೆ.

ಉತ್ತರ ಬರೆಯಲು ಸಹಾಯಕರು ಬೇಕಿದ್ದರೆ ಇನ್ನೂ ಜಾಗ್ರತೆ. ಗಣಿತದ ಚಿಹ್ನೆಗಳೇ ಗೊತ್ತಿಲ್ಲದವರನ್ನು ಗಣಿತ ಪರೀಕ್ಷೆಗೆ ಕೂರಿಸಿದರೆ ವಿದ್ಯಾರ್ಥಿಯ ಅರ್ಧ ಹೊತ್ತು ವಿವರಿಸುವುದರಲ್ಲೇ ಹೋಗುತ್ತದೆ, ಅಲ್ವಾ? ವಿದ್ಯಾರ್ಥಿ ಹೇಳಿದ್ದನ್ನು ಸಹಾಯಕರು ಹೇಳಿದಂತೆ ಬರೆಯಬೇಕು, ತಿದ್ದಬಾರದು. ಮೊದಲೇ ಇಬ್ಬರನ್ನೂ ಕೂರಿಸಿ ಒಂದು ಹಳೇ ಪ್ರಶ್ನೆಪತ್ರಿಕೆ ಬರೆಸಿ ನೋಡಿ. ಇವರು ಮಾತಾಡಬೇಕಾದ್ದರಿಂದ ಬೇರೆ ಕೊಠಡಿ ಬೇಕೇ ಬೇಕು.

ಕಿವಿ ಕೇಳದವರಿಗೆ ಎಲ್ಲ ಸೂಚನೆಗಳೂ, ಪರೀಕ್ಷೆಯ ಮಧ್ಯೆ ಹೇಳುವ ತಿದ್ದುಪಡಿ ಕೂಡ, ಬರಹದಲ್ಲೇ ಸಿಗಲಿ.

ಹಿಂದಿನ ದಿನ ಲಿಫ್ಟ್, ಮೇಜಿನ ಎತ್ತರ, ಸಾಫ್ಟ್‌ವೇರ್ ನೋಡಿಕೊಳ್ಳಿ. ಮತ್ತೆ, ಯಾರಿಗೆ ಏನು ತೊಂದರೆ ಅಂತ ತರಗತಿಯಲ್ಲಿ ಎಲ್ಲರ ಮುಂದೆ ಹೇಳಬೇಡಿ.