ಹಳೇ ಪೋಕೆಮಾನ್‌ನಲ್ಲಿ ಕಾಣದ ವಸ್ತು ಹುಡುಕುವುದು ಹೇಗೆ?

ಬೇಸಿಗೆ ರಜೆಯಲ್ಲಿ ಬಳ್ಳಾರಿಯ ಬಿಸಿಲಿಗೆ ಹನ್ನೊಂದರ ಮೇಲೆ ಮಕ್ಕಳನ್ನು ಹೊರಗೆ ಬಿಡುವಂತಿಲ್ಲ. ನಮ್ಮ ಮನೆಗೆ ಬರುವ ಅಕ್ಕನ ಮಕ್ಕಳು ಈಗ ಪೋಕೆಮಾನ್ ರೆಡ್ ಹಿಡಿದು ಕೂತಿದ್ದಾರೆ. ಪೋಕೆಮಾನ್ ಎಂಬ ಪ್ರಾಣಿಗಳನ್ನು ಹಿಡಿದು ಬೆಳೆಸುತ್ತಾ ಊರೂರು ಸುತ್ತುವ, 1996ರಲ್ಲಿ ಜಪಾನಿನಲ್ಲಿ ಬಂದ ಗೇಮ್ ಬಾಯ್ ವಿಡಿಯೋ ಆಟ ಅದು. ನೆಲದ ಮೇಲೆ ಚೆಂಡಿನ ಹಾಗೆ ಕಾಣುವ ವಸ್ತುಗಳನ್ನು ಯಾರಾದರೂ ಎತ್ತಿಕೊಳ್ಳುತ್ತಾರೆ. ಕಣ್ಣಿಗೆ ಬೀಳದಂತೆ ಅಡಗಿಸಿಟ್ಟವುಗಳ ವಿಷಯಕ್ಕೆ ಬಂದರೆ ಹುಡುಗರು ಸಿಕ್ಕಸಿಕ್ಕಲ್ಲಿ ಎ ಬಟನ್ ಕುಟ್ಟಿ, "ಇಲ್ಲೇನೂ ಇಲ್ಲ ಬಿಡ್ರಿ ಮಾಮಾ" ಅಂತ ಮುಂದೆ ಹೋಗುತ್ತಾರೆ. ಇದೆ. ಹುಡುಕುವ ಕ್ರಮ ತಪ್ಪಿದೆ, ಅಷ್ಟೇ.

ಮೊದಲು ಚೀಲದಲ್ಲಿ ಜಾಗ ಮಾಡಿಕೊಳ್ಳಿ. ಈ ಆಟದ ಚೀಲಕ್ಕೆ 20 ಬಗೆಯ ವಸ್ತು ಮಾತ್ರ ಹಿಡಿಯುತ್ತವೆ. ತುಂಬಿದ್ದರೆ ಸಿಕ್ಕಿದ್ದೂ ಕೈಗೆ ಬರುವುದಿಲ್ಲ. ಆಟ ಸೇವ್ ಮಾಡಿ.

ಜಾತ್ರೆ ಅಂಗಡಿಗಳಲ್ಲಿ "400 ಇನ್ 1" ಎಂದು ಮಾರುವ ಅಗ್ಗದ ಡಬ್ಬಿಗಳನ್ನು ಈ ಕೆಲಸಕ್ಕೆ ಕೊಳ್ಳಬೇಡಿ. ಅವುಗಳಲ್ಲಿ ಇರುವುದು ಹಾರುವ, ಗುಂಡು ಹೊಡೆಯುವ ಸಣ್ಣ ಆಟಗಳು. ಸೇವ್ ಮಾಡುವ ವ್ಯವಸ್ಥೆಯೇ ಇರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕಾರ್ಟ್ರಿಜ್ ಸಿಕ್ಕರೆ ಅಂಗಡಿಯಲ್ಲೇ ಸೇವ್ ಮಾಡಿ, ಆಫ್ ಮಾಡಿ, ಮತ್ತೆ ಆನ್ ಮಾಡಿ ನೋಡಿ. ಸೇವ್ ಹಿಡಿದಿಡುವುದು ಒಳಗಿನ ಪುಟ್ಟ ಬ್ಯಾಟರಿ. ಅದು ಸತ್ತಿದ್ದರೆ ಎಲ್ಲ ಹೋಯಿತು.

ಇನ್ನು ಕಣ್ಣಿನ ಕೆಲಸ. ಇಡೀ ಆಟ ಕೂತಿರುವುದು 1 ಎಂಬಿ ಜಾಗದಲ್ಲಿ. ಅಷ್ಟು ಇಕ್ಕಟ್ಟಿನಲ್ಲಿ ಕೆಲಸ ಮಾಡಿದವರು ಸುಮ್ಮಸುಮ್ಮನೆ ಓಣಿ ಹಾಕಿ, ತುದಿಯಲ್ಲಿ ಏನೂ ಇಡದೆ ಬಿಡುವುದು ಕಡಿಮೆ. ಆದ್ದರಿಂದ ಪ್ರತಿ ಊರಲ್ಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಜಾಗ ಇಲ್ಲಿ ಯಾಕಿದೆ? ಸೆರುಲಿಯನ್ ಸಿಟಿಯಲ್ಲಿ ಒಂದು ಮನೆಗೆ ಹಿಂಬಾಗಿಲಿದೆ, ಅದರಾಚೆ ಹಿತ್ತಿಲಿದೆ. ಕಥೆಗೆ ಆ ಹಿತ್ತಿಲು ಬೇಕಿಲ್ಲ. ಹಾಗಾದರೆ ಅಲ್ಲೇನೋ ಇರಲೇಬೇಕು. ಇದೆ ಕೂಡ, ರೇರ್ ಕ್ಯಾಂಡಿ. ತಿನ್ನಿಸಿದರೆ ಪೋಕೆಮಾನ್ ಒಂದು ಲೆವೆಲ್ ಮೇಲೇರುತ್ತದೆ.

ಇಲ್ಲೇ ಬಹಳ ಮಂದಿ ತಪ್ಪುವುದು: ಅನುಮಾನವಿರುವ ಚೌಕದ ಮೇಲೇ ನಿಂತು ಬಟನ್ ಒತ್ತುತ್ತಾರೆ. ಆಟ ನೋಡುವುದು ನಿಮ್ಮ ಎದುರಿನ ಚೌಕವನ್ನು, ಕಾಲಡಿಯದನ್ನಲ್ಲ. ಪಕ್ಕದಲ್ಲಿ ನಿಂತು, ಅತ್ತ ಮುಖ ಮಾಡಿ ಒತ್ತಬೇಕು.

ಕಣ್ಣಿಗೆ ಸುಳಿವೇ ಸಿಗದ ಕಡೆ ಐಟಂಫೈಂಡರ್ ಬೇಕು, ಅಂದರೆ ಅಡಗಿದ ವಸ್ತು ಪತ್ತೆ ಮಾಡುವ ಆಟದೊಳಗಿನ ಯಂತ್ರ. 30 ಬಗೆಯ ಪೋಕೆಮಾನ್ ಹಿಡಿದ ಮೇಲೆ, ರೂಟ್ 11 ಎಂಬ ದಾರಿಯ ಗೇಟಿನ ಮಹಡಿಯಲ್ಲಿರುವ ಪ್ರೊಫೆಸರ್ ಓಕ್‌ನ ಸಹಾಯಕ ಕೊಡುತ್ತಾನೆ. ಆದರೆ ರೆಡ್‌ನಲ್ಲಿ ಅದು ದಿಕ್ಕು ತೋರಿಸುವುದಿಲ್ಲ. "ಹತ್ತಿರದಲ್ಲಿ ಏನೋ ಇದೆ" ಎಂದಷ್ಟೇ ಹೇಳುತ್ತದೆ. ಸ್ಕ್ರೀನಿನಲ್ಲಿ ಅಡ್ಡ 10, ಉದ್ದ 9, ಒಟ್ಟು 90 ಚೌಕ. ಒಂದೊಂದನ್ನೇ ಒತ್ತುತ್ತಾ ಹೋದರೆ ಮಕ್ಕಳಿಗೆ ಬೇಸರ ಬರದೆ ಇನ್ನೇನು?

ಹೀಗೆ ಮಾಡಿ. ಯಂತ್ರ "ಇದೆ" ಎಂದ ಕಡೆಯಿಂದ ಎಡಕ್ಕೆ ಒಂದೊಂದೇ ಹೆಜ್ಜೆ ಇಡಿ, ಪ್ರತಿ ಹೆಜ್ಜೆಗೂ ಯಂತ್ರ ಬಳಸಿ. "ಇಲ್ಲ" ಎಂದ ಚೌಕವನ್ನು ಗ್ರಾಫ್ ಶೀಟಿನಲ್ಲಿ ಗುರುತು ಹಾಕಿ. ಬಲಕ್ಕೂ ಹಾಗೇ ಹೋಗಿ, "ಇಲ್ಲ" ಎನ್ನುವವರೆಗೆ. ಎರಡು ಗುರುತಿನ ನಡುಮಧ್ಯದ ಕಂಬಸಾಲೇ ನಿಮ್ಮದು, ಹೆಚ್ಚೆಂದರೆ ಒಂದು ಚೌಕ ಆಚೀಚೆ. ಮೇಲೆ ಕೆಳಗೂ ಇದೇ ಲೆಕ್ಕ ಹಾಕಿ ಅಡ್ಡಸಾಲು ಹಿಡಿಯಿರಿ. ಎರಡೂ ಕೂಡುವಲ್ಲಿ ವಸ್ತು. ಒಂದು ಕಡೆ ಗೋಡೆಯೋ ನೀರೋ ಅಡ್ಡ ಬಂದರೆ, ಇನ್ನೊಂದು ಕಡೆಯ "ಇಲ್ಲ" ಗುರುತಿನಿಂದ ಒಳಕ್ಕೆ ಐದಾರು ಚೌಕ ಎಣಿಸಿ, ಆ ಸುತ್ತ ಹುಡುಕಿ. ಸಿಕ್ಕ ಮೇಲೆ ಯಂತ್ರವನ್ನು ಮತ್ತೊಮ್ಮೆ ಬಳಸಿ: ಎತ್ತಿಕೊಂಡದ್ದನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಹಾಗಾಗಿ ಮತ್ತೆ "ಇದೆ" ಎಂದರೆ ಅದು ಇನ್ನೊಂದು.

ಸೆಲಡಾನ್‌ನ ಗೇಮ್ ಕಾರ್ನರ್ ನೆಲದಲ್ಲಿ ನಾಣ್ಯಗಳಿವೆ. ಮೊದಲು ಅದೇ ಊರಿನ ರೆಸ್ಟೋರೆಂಟಿನಲ್ಲಿ ನಾಣ್ಯ ಹಾಕಿಡುವ ಕಾಯಿನ್ ಕೇಸ್ ಇಸ್ಕೊಂಡು ಬನ್ನಿ.

ಇಂಟರ್‌ನೆಟ್ಟಿನಲ್ಲಿ ಎಲ್ಲದರ ನಕ್ಷೆ ಸಿಗುತ್ತದೆ. ಒಂದು ಊರನ್ನು ನೀವೇ ಪೂರ್ತಿ ಜಾಲಾಡುವವರೆಗೆ ಅದನ್ನು ತೆರೆಯಲೇಬೇಡಿ. ಹುಡುಕುವ ಖುಷಿಯೇ ಈ ಆಟದ ಅರ್ಧ ಪಾಲು.

ಇದು ಮುಗಿಸಿ ಕ್ರೋನೋ ಟ್ರಿಗರ್‌ಗೆ ಹೋಗುವವರಿಗೆ ಒಂದು ಎಚ್ಚರಿಕೆ. ಒಂದು ಕಾಲದಿಂದ ಇನ್ನೊಂದು ಕಾಲಕ್ಕೆ ಓಡಾಡುವ, 1995ರ ಈ ಆಟ ಫೋನಿನಲ್ಲೂ ಸಿಗುತ್ತದೆ. ಅದರಲ್ಲಿ ಪೆಂಡೆಂಟ್‌ಗೆ, ಅಂದರೆ ಕೊರಳ ಪದಕಕ್ಕೆ, ಮಾತ್ರ ತೆರೆಯುವ ಪೆಟ್ಟಿಗೆಗಳಿವೆ. ಕ್ರಿ.ಶ. 600ರ ಕಾಲದಲ್ಲಿ ಅಂಥ ಕೆಲವು ಪೆಟ್ಟಿಗೆಗಳ ಮುಂದೆ ನಿಂತಾಗ ಪೆಂಡೆಂಟ್ ಮಿಡಿದು, ತೆಗೆದುಕೊಳ್ಳುವಿರಾ ಎಂದು ಆಟ ಕೇಳುತ್ತದೆ. ಬೇಡ ಅನ್ನಿ. ಕ್ರಿ.ಶ. 1000ಕ್ಕೆ ಹೋಗಿ ಅದೇ ಪೆಟ್ಟಿಗೆ ತೆರೆದರೆ ಅದೇ ವಸ್ತು ಇನ್ನೂ ಬಲವಾದ ರೂಪದಲ್ಲಿ ಸಿಗುತ್ತದೆ. ಆಮೇಲೆ 600ಕ್ಕೆ ವಾಪಸ್ ಬಂದು ಮೂಲದ್ದನ್ನೂ ತೆಗೆದುಕೊಳ್ಳಿ. ಅವಸರಪಟ್ಟು ಮೊದಲೇ ತೆಗೆದರೆ 1000ದಲ್ಲಿ ಪೆಟ್ಟಿಗೆ ಖಾಲಿ.