ಕಲಬುರಗಿ ಬಿಸಿಲಲ್ಲಿ ಮಾಳಿಗೆ ಮೇಲೆ ದುಂಡು ಮಲ್ಲಿಗೆ: ನನ್ನ ಅನುಭವ

ಈ ವರ್ಷ ಮಾರ್ಚ್ ಸುಮಾರಿಗೆ ಬರುವ ನಮ್ಮೂರ ಶರಣಬಸವೇಶ್ವರ ಜಾತ್ರೆ ಹೊತ್ತಿಗೆ ಶುರುವಾದ ಮಲ್ಲಿಗೆ ಶ್ರಾವಣ ಬರೋವರೆಗೂ ನಿಲ್ಲಲಿಲ್ಲ. ಜೋರು ಇದ್ದ ದಿನಗಳಲ್ಲಿ ಬೆಳಗ್ಗೆ 600–700 ಮೊಗ್ಗು ಬಿಡಿಸಿದ್ದೇನೆ, ಕಟ್ಟಿದರೆ ಹತ್ತಿರ ಹತ್ತಿರ 4 ಮಾರು. ದೇವರಿಗೆ, ಮನೆಯವರ ಮುಡಿಗೆ, ಓಣಿಯ ನಾಲ್ಕಾರು ಮನೆಗೆ ಕೊಟ್ಟು ಉಳಿದದ್ದು ನಮ್ಮೂರ ಪೇಟೆಯಾದ ಸೂಪರ್ ಮಾರ್ಕೆಟ್‌ನಲ್ಲಿ ಕೂರುವ ಹೂವಿನ ಅಕ್ಕನಿಗೆ ಹೋಗುತ್ತಿತ್ತು. ಮೊದಲ ದಿನ ಆಕೆ ಮೊಗ್ಗು ಕೈಯಲ್ಲಿ ಹಿಡಿದು ನೋಡಿ "ಇದು ಸೋಲಾಪುರದ ಮಾಲ್ ಏನ್ರಿ?" ಅಂದಳು. ನಮ್ಮ ಮಾಳಿಗೆ ಮ್ಯಾಲಿಂದು ಅಂದಾಗ ನಂಬಲಿಲ್ಲ. ಅಷ್ಟು ದಪ್ಪ ಮೊಗ್ಗು.

ಇದನ್ನು ಬರೆಯೋದಕ್ಕೆ ಕಾರಣವೂ ಅದೇ. ಮೂರ್ನಾಲ್ಕು ವರ್ಷದಿಂದ ಎಲ್ಲರೂ ಒಂದೇ ಮಾತು ಹೇಳುತ್ತಿದ್ದರು. "ಅಕ್ಕಾರ, ಈ ಬಿಸಲಾಗ ಮಲ್ಲಿಗಿ ಬರಂಗಿಲ್ರಿ. ಅದು ಮೈಸೂರು, ಉಡುಪಿ ಕಡಿದು. ಸುಮ್ನೆ ರೊಕ್ಕ ಹಾಳು." ನನಗೆ ಅದು ಒಪ್ಪಿಗೆ ಆಗಲಿಲ್ಲ. ಹೂವಿನ ಹಡಗಲಿ ಏನು ತಂಪು ಊರಾ? ಅಲ್ಲಿನ ಮಲ್ಲಿಗೆಗೆ ಮೈಸೂರು, ಉಡುಪಿ ಮಲ್ಲಿಗೆ ಜೊತೆಗೇ ಜಿಐ ಟ್ಯಾಗ್ (ಊರಿನ ಹೆಸರಿನ ಭೌಗೋಳಿಕ ಗುರುತು) ಇದೆ. ಅದು ಬೇರೆ ಬಗೆ ಮಲ್ಲಿಗೆ, ನಿಜ. ಆದರೆ ಮಲ್ಲಿಗೆ ಬಿಸಿಲಿಗೆ ಹೆದರುವ ಗಿಡ ಅಲ್ಲ ಅನ್ನೋದಕ್ಕೆ ಅಷ್ಟು ಸಾಕಲ್ವಾ? ನಮ್ಮಲ್ಲಿ ಗಿಡ ಕೊಲ್ಲೋದು ಬೋರಿನ ನೀರಿನ ಉಪ್ಪು, ಕುಂಡದೊಳಗಿನ ಕರಿ ಮಣ್ಣು ಮತ್ತು ಕಾದ ಸ್ಲ್ಯಾಬು. ಈ ಮೂರನ್ನು ಹಿಡಿತಕ್ಕೆ ತಂದರೆ ಮೇ ತಿಂಗಳ 43 ಡಿಗ್ರಿ ನಿಮ್ಮ ಪರ ಕೆಲಸ ಮಾಡುತ್ತದೆ.

ಮೊದಲು ಮಣ್ಣಿನ ಕಥೆ. ನಮ್ಮ ಎರೆ ಮಣ್ಣು ತೊಗರಿಗೆ ಚಿನ್ನ. ಕುಂಡದಲ್ಲಿ ಮಾತ್ರ ಕಾಟ. ನೀರು ಹಾಕಿದರೆ ಉಬ್ಬುತ್ತದೆ, ಎರಡು ದಿನ ಬಿಟ್ಟರೆ ಒಣಗಿ ಕುಂಡದ ಗೋಡೆಯಿಂದ ಬಿಟ್ಟುಕೊಳ್ಳುತ್ತದೆ. ಆಮೇಲೆ ಎಷ್ಟು ನೀರು ಹಾಕಿದರೂ ಆ ಸಂದಿನಿಂದ ಇಳಿದು ತಳದಲ್ಲಿ ಹೋಗುತ್ತದೆ, ನಡುವಿನ ಗಡ್ಡೆ ಒಣಗಿಯೇ ಇರುತ್ತದೆ. ಮೇಲೆ ನೋಡಿದರೆ ಹಸಿ, ಒಳಗೆ ಕಲ್ಲು. ಜೊತೆಗೆ ನಮ್ಮ ಮಣ್ಣಲ್ಲಿ ಸುಣ್ಣ ಜಾಸ್ತಿ. ಶಹಾಬಾದ್ ಕಲ್ಲೇ ಸುಣ್ಣದ ಕಲ್ಲು, ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿ ಬಂದದ್ದೂ ಅದಕ್ಕೇ. ಸುಣ್ಣದ ಮಣ್ಣಲ್ಲಿ ಮಲ್ಲಿಗೆ ಬೇರಿಗೆ ಕಬ್ಬಿಣದ ಅಂಶ ಸಿಗೋದಿಲ್ಲ. ಹೊಸ ಎಲೆ ಹಳದಿ, ನರ ಮಾತ್ರ ಹಸಿರು. ನಮ್ಮ ಮೊದಲ ಗಿಡಗಳೆಲ್ಲ ಹಾಗೇ ಹೋದವು. ಗಿಡ ಕೊಟ್ಟ ನರ್ಸರಿಯವರು "ಗೊಬ್ಬರ ಸಾಲದು, ಯೂರಿಯಾ ಹಾಕಿ" ಅಂದರು. ಯೂರಿಯಾ ಬಿದ್ದ ಗಿಡ ಇನ್ನೂ ಬೇಗ ಹೋದವು. ಅದೇ ಕಡೆಯಿಂದ ಏಳು ಸುತ್ತಿನ ಮಲ್ಲಿಗೆ ಅಂತ 80 ರೂಪಾಯಿಗೆ ಒಂದರಂತೆ ತಂದ ಗಿಡಗಳಲ್ಲಿ ಅರ್ಧ ಒಂದೇ ಸುತ್ತಿನವು ಬಂದವು. ಈಗ ನಾನು ಹೂವು ಅರಳಿದ್ದನ್ನು ಕಣ್ಣಿಂದ ನೋಡದೆ ಮಲ್ಲಿಗೆ ಸಸಿ ಕೊಳ್ಳೋದಿಲ್ಲ.

ಕೆಂಪು ಮಣ್ಣು ಬೀದರ್ ಕಡೆಯಿಂದ ತರಿಸಿದೆ. ಅಲ್ಲಿ ನೆಲವೇ ಜಂಬಿಟ್ಟಿಗೆ, ಮಣ್ಣು ಸಡಿಲ, ಸುಣ್ಣ ಇಲ್ಲ. ಪರಿಚಯದವರ ಗೂಡ್ಸ್ ಗಾಡಿ ಹುಮನಾಬಾದ್‌ನಿಂದ ಖಾಲಿ ಬರುತ್ತಿತ್ತು, ಅದರಲ್ಲಿ ತುಂಬಿಸಿದೆವು. ಮಣ್ಣು, ಡೀಸೆಲ್, ಹಮಾಲಿ ಎಲ್ಲ ಸೇರಿ 2500 ಆಗಿರಬೇಕು. ಮಣ್ಣಿಗೆ ಇಷ್ಟು ದುಡ್ಡಾ ಅಂತ ನಮ್ಮತ್ತೆ ವಾರ ಮಾತು ಬಿಟ್ಟಿದ್ದರು. ಈಗ ಬೆಳಗಿನ ಪೂಜೆಗೆ ಮೊದಲ ಬುಟ್ಟಿ ಅವರದೇ.

ನನ್ನ ಮಿಶ್ರಣ: ಕೆಂಪು ಮಣ್ಣು ಎರಡು ಪುಟ್ಟಿ, ಚೆನ್ನಾಗಿ ಕೊಳೆತ ಸಗಣಿ ಗೊಬ್ಬರ ಒಂದು, ಕೊಳೆಸಿದ ತೊಗರಿ ಹೊಟ್ಟು ಒಂದು, ಬೇವಿನ ಹಿಂಡಿ ಒಂದೆರಡು ಹಿಡಿ. ತೊಗರಿ ಹೊಟ್ಟನ್ನು ಹಸಿಯಾಗಿ ಹಾಕಬೇಡಿ. ಅದು ಕುಂಡದಲ್ಲೇ ಕೊಳೆಯಲು ಶುರುವಾಗಿ ಗಿಡದ ಪಾಲಿನ ಸಾರಜನಕ ತಾನೇ ತಿನ್ನುತ್ತದೆ, ಗಿಡ ಹಳದಿ ಆಗುತ್ತದೆ. ಸಗಣಿ ನೀರು ಚಿಮುಕಿಸಿ, ಒಂದು ಮಳೆಗಾಲ ಮೂಲೆಯಲ್ಲಿ ಬಿದ್ದಿರಲಿ. ಕರಿ ಮಣ್ಣು ನಾನು ಪೂರ್ತಿ ಬಿಟ್ಟಿಲ್ಲ, ಒಂದು ಹಿಡಿ ಸೇರಿಸುತ್ತೇನೆ. ಯಾವಾಗ, ಎಲ್ಲಿ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಕುಂಡಕ್ಕೆ ಪೇಂಟ್ ಖಾಲಿಯಾದ 20 ಲೀಟರ್ ಬಕೆಟ್. ಪೇಂಟರ್‌ಗಳ ಹತ್ತಿರ 40–50 ರೂಪಾಯಿಗೆ ಸಿಗುತ್ತವೆ. ತಳದಲ್ಲಿ ಮಾತ್ರ ಅಲ್ಲ, ತಳದಿಂದ ಎರಡು ಬೆರಳು ಮೇಲೆ ಪಕ್ಕದಲ್ಲೂ ತೂತು ಹೊಡೆಯಿರಿ. ಬಕೆಟ್ಟನ್ನು ಸ್ಲ್ಯಾಬಿನ ಮೇಲೆ ನೇರ ಇಡಬೇಡಿ. ಮೇ ತಿಂಗಳ ಮಧ್ಯಾಹ್ನ ಸ್ಲ್ಯಾಬಿನ ಮೇಲೆ ಬರಿಗಾಲಲ್ಲಿ ನಿಲ್ಲೋಕೆ ಆಗಲ್ಲ, ಬೇರು ಹೇಗೆ ತಡೆಯಬೇಕು? ಒಡೆದ ಶಹಾಬಾದ್ ಫರ್ಸಿ (ನೆಲಕ್ಕೆ ಹಾಸುವ ಕಲ್ಲು) ಚೂರುಗಳನ್ನು ಮೂರು ಕಡೆ ಇಟ್ಟು ಅದರ ಮೇಲೆ ಬಕೆಟ್, ಕೆಳಗೆ ಗಾಳಿ ಆಡಬೇಕು. ಬಕೆಟ್ ಸುತ್ತ ಗೋಣಿಚೀಲ. ಸಂಜೆ ಅದಕ್ಕೆ ನೀರು ಚಿಮುಕಿಸಿದರೆ ರಾತ್ರಿಯೆಲ್ಲ ತಂಪು ಹಿಡಿದಿರುತ್ತದೆ. ಕಪ್ಪು ಕುಂಡ ಯಾರು ಪುಕ್ಕಟೆ ಕೊಟ್ಟರೂ ಮಾಳಿಗೆಗೆ ಏರಿಸಬೇಡಿ.

ನೆರಳಿಗೆ ಕಟ್ಟುವ ಹಸಿರು ನೆಟ್ ಬಗ್ಗೆ ಹೇಳಲೇಬೇಕು, ಎಲ್ಲರೂ ಮೊದಲು ಹೇಳೋದು ಅದನ್ನೇ. 2200 ಕೊಟ್ಟು ನೆಟ್, ಮೇಲೆ ಪೈಪು, ವೆಲ್ಡಿಂಗ್ ಅಂತ ಇನ್ನೂ 3000. ಗಿಡ ಹಸಿರಾಗಿ, ಸೊಂಪಾಗಿ, ಬಳ್ಳಿಯ ಹಾಗೆ ಉದ್ದ ಬೆಳೆದವು. ಹೂವು? ಇಡೀ ಬೇಸಿಗೆ ಒಂದು ಹಿಡಿ ಬಂದಿರಬಹುದು. ಮಲ್ಲಿಗೆಗೆ ಪೂರ್ತಿ ಬಿಸಿಲು ಬೇಕು, ನೆರಳಲ್ಲಿ ಬರೀ ಎಲೆ. ನೆಟ್ ತೆಗೆದು ಹಾಕಿದೆ. ಅದೇ ಪೈಪಿಗೆ ಈಗ ಪಡುವಣ ದಿಕ್ಕಲ್ಲಿ ತೊಗರಿ ಕಟ್ಟಿಗೆಯ ತಟ್ಟಿ ಕಟ್ಟಿದ್ದೇನೆ. ಬಿಸಿಲಿಗಿಂತ ಮಧ್ಯಾಹ್ನದ ಬಿಸಿ ಗಾಳಿ ಮೊಗ್ಗು ಬಾಡಿಸುತ್ತದೆ. ತಟ್ಟಿ ಅದನ್ನು ಮುರಿಯುತ್ತದೆ, ಖರ್ಚೂ ಇಲ್ಲ. ಹಳ್ಳಿಯಿಂದ ಬರುವವರು ಒಂದು ಹೊರೆ ತಂದು ಹಾಕಿದರು.

ನೀರು. ಇದರಲ್ಲೇ ಎಲ್ಲರೂ ಸೋಲೋದು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ನಮ್ಮ ಬೋರಿನ ನೀರು, ಕರಗಿದ ಉಪ್ಪು ಅಳೆಯುವ ಟಿಡಿಎಸ್ ಪೆನ್ನಿನಲ್ಲಿ 1500 ಹತ್ತಿರ ತೋರಿಸುತ್ತದೆ. ಆ ನೀರು ದಿನಾ ಹಾಕಿದರೆ ತಿಂಗಳೊಳಗೆ ಬಕೆಟ್ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ, ಎಲೆ ತುದಿ ಸುಟ್ಟ ಹಾಗೆ ಕಂದು ಆಗುತ್ತದೆ. ಜನ ಅದನ್ನು ಬಿಸಿಲಿಗೆ ಸುಟ್ಟಿದ್ದು ಅಂದುಕೊಳ್ಳುತ್ತಾರೆ. ಬಿಸಿಲಾದರೆ ಪಡುವಣ ಕಡೆಯ ಎಲೆ ಮಾತ್ರ ಸುಡಬೇಕಿತ್ತು, ಅಲ್ವಾ? ಇದು ಎಲ್ಲ ಕಡೆ, ಹಳೆ ಎಲೆಯಿಂದ ಶುರು. ಕೆಲವರು ನೀರು ಉಳಿಸೋಣ ಅಂತ ಆರ್‌ಒ ಯಂತ್ರದಿಂದ ಹೊರಗೆ ಬೀಳುವ ನೀರನ್ನು ಗಿಡಕ್ಕೆ ಹಾಕುತ್ತಾರೆ. ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ಫರ್ಸಿ ತೊಳೆಯೋಕೆ ಇಟ್ಟುಕೊಳ್ಳಿ.

ನಾನು ಮಾಡಿದ್ದು ಇಷ್ಟು. ಮಾಳಿಗೆಯ ಮಳೆನೀರನ್ನು ಹಳೆಯ 1000 ಲೀಟರ್ ಟ್ಯಾಂಕಿಗೆ ಇಳಿಸಿದೆ. ನಮ್ಮ ಕಡೆ ಮಳೆ ಬೀಳೋದು ಹೆಚ್ಚು ಕಡಿಮೆ ಜೂನ್‌ನಿಂದ ಸೆಪ್ಟೆಂಬರ್, ಹಾಗಾಗಿ ಕೊನೆಯ ಮಳೆಗಳ ನೀರು ಹಿಡಿದು, ಬಾಯಿಗೆ ಬಟ್ಟೆ ಕಟ್ಟಿ ಮುಚ್ಚಿಡಬೇಕು. ದಿನದ ನೀರು ಬೋರಿನದೇ. ವಾರಕ್ಕೊಮ್ಮೆ ಮಾತ್ರ ಮಳೆನೀರು ಅಥವಾ ನಲ್ಲಿ ನೀರು, ಅದೂ ತೂತಿನಿಂದ ಚೆನ್ನಾಗಿ ಹೊರಗೆ ಹರಿಯುವಷ್ಟು. ಉಪ್ಪು ತೊಳೆದು ಹೋಗುತ್ತದೆ. ದಿನಾ ಚೂರು ಚೂರು ಹಾಕೋದಕ್ಕಿಂತ ಇದು ಎಷ್ಟೋ ಮೇಲು. ಪಕ್ಕದ ಮನೆಯ ಎಸಿ ಪೈಪಿನ ನೀರನ್ನೂ ಹಿಡಿದು ನೋಡಿದೆ. ಅದರಲ್ಲಿ ಉಪ್ಪಿನ ಅಂಶ ಇಲ್ಲವೇ ಇಲ್ಲ ಅನ್ನಬಹುದು. ಆದರೆ ಏಪ್ರಿಲ್‌ನ ಒಣ ಗಾಳಿಯಲ್ಲಿ ತಂಬಿಗೆಯೂ ತುಂಬಲ್ಲ, ಜೂನ್ ಬಂದಮೇಲೆ ಬಕೆಟ್ ತುಂಬುತ್ತದೆ. ಬೇಕಾದಾಗ ಇಲ್ಲದ ನೀರು ಅದು.

ನೀರು ಹಾಕೋದು ಸೂರ್ಯ ಏಳುವ ಮೊದಲೇ. ಬೇಸಿಗೆಯಲ್ಲಿ ಸಂಜೆ ಟ್ಯಾಂಕಿನ ನೀರು ಸ್ನಾನಕ್ಕೆ ಆಗುವಷ್ಟು ಬಿಸಿ ಇರುತ್ತದೆ, ಅದು ಬೇರಿಗೆ ಬಿದ್ದರೆ ಗಿಡ ಜೋತು ಬೀಳುತ್ತದೆ.

ಎಲೆ ಹಳದಿಗೆ ಅನ್ನಭೇದಿ, ಅಂದರೆ ಕಬ್ಬಿಣದ ಅಂಶ ಇರುವ ಫೆರಸ್ ಸಲ್ಫೇಟ್. ಲೀಟರ್ ನೀರಿಗೆ 5 ಗ್ರಾಂ ಮೀರಬಾರದು, ಅರ್ಧ ನಿಂಬೆಹಣ್ಣು ಹಿಂಡಿ, ಸಂಜೆ ಎಲೆ ಮೇಲೆ ಸಿಂಪಡಿಸಿ. ಹದಿನೈದು ದಿನದಲ್ಲಿ ಹೊಸ ಎಲೆ ಹಸಿರು ಬರುತ್ತದೆ. ಫರ್ಸಿ ಮೇಲೆ ಬಿದ್ದರೆ ತುಕ್ಕಿನ ಕಲೆ, ಸುಲಭಕ್ಕೆ ಹೋಗಲ್ಲ, ಕೆಳಗೆ ಹಳೆ ಚೀಲ ಹಾಸಿಕೊಳ್ಳಿ. ಮಣ್ಣಿಗೆ ಹುಳಿ ಮಜ್ಜಿಗೆ ಬಳಸಿ ಇನ್ನೊಂದು ಮಾಡುತ್ತೇನೆ. ಅಳತೆ ಇನ್ನೊಂದು ಬೇಸಿಗೆ ನೋಡಿಯೇ ಹೇಳುತ್ತೇನೆ.

ಗಿಡ ಕತ್ತರಿಸೋದು ಡಿಸೆಂಬರ್-ಜನವರಿ ಹೊತ್ತಿಗೆ ಬರುವ ಎಳ್ಳ ಅಮಾವಾಸ್ಯೆ ಲೆಕ್ಕದಲ್ಲಿ. ಅದಕ್ಕೆ ಎರಡು ಮೂರು ವಾರ ಮುಂಚೆ ನೀರು ಕಡಿಮೆ ಮಾಡುತ್ತಾ ಬರುತ್ತೇನೆ, ಎಲೆ ಸಪ್ಪಗೆ ಆಗಲಿ. ಹೊಲಕ್ಕೆ ಹೋಗಿ ಚರಗ ಚೆಲ್ಲಿ (ಭೂಮಿತಾಯಿಗೆ ನೈವೇದ್ಯ ಚೆಲ್ಲಿ), ಭಜ್ಜಿ, ಸಜ್ಜೆ ರೊಟ್ಟಿ ಉಂಡು ಬಂದ ಮರುದಿನ ಕತ್ತರಿ ಹಿಡಿಯೋದು. ಒಂದೂವರೆ ಅಡಿ ಬಿಟ್ಟು ಎಲ್ಲ ಕಟಾವು, ಉಳಿದ ಎಲೆಯನ್ನೂ ಕೈಯಿಂದ ಸವರಿ ತೆಗೆಯುತ್ತೇನೆ. ನೋಡಿದವರು ಗಿಡ ಕೊಂದಳು ಅಂದರು. ಕೆಲವು ದಿನ ಬಿಟ್ಟು ಮೇಲ್ಮಣ್ಣು ಕೆದರಿ, ಗೊಬ್ಬರ, ಹಿಂಡಿ ಕೊಟ್ಟು, ತುಂಬ ನೀರು. ಜನವರಿ ಕೊನೆಗೆ ಚಿಗುರು, ಜಾತ್ರೆಗೆ ಮೊಗ್ಗು. ಈ ವರ್ಷ ಎರಡು ಬಕೆಟ್ ಕತ್ತರಿಸದೆ ಬಿಟ್ಟಿದ್ದೆ, ಹೋಲಿಸಲು. ಅವುಗಳಲ್ಲಿ ಹೂವು ಉಳಿದವುಗಳ ಕಾಲು ಭಾಗವೂ ಇಲ್ಲ.

ಹುಳದಲ್ಲಿ ಬೇಸಿಗೆಯ ದೊಡ್ಡ ಶತ್ರು ನುಸಿ. ಎಲೆ ಅಡಿಯಲ್ಲಿ ಸಣ್ಣ ಬಲೆ, ಎಲೆ ಬಿಳಚಿಕೊಳ್ಳುತ್ತದೆ. ಬೆಳಗ್ಗೆ ಪೈಪಿನಿಂದ ಎಲೆ ಅಡಿಗೆ ಜೋರಾಗಿ ನೀರು ಹೊಡೆದರೆ ಮುಕ್ಕಾಲು ಪಾಲು ಹೋಗುತ್ತದೆ. ಬೇವಿನೆಣ್ಣೆ ಸಂಜೆಗೆ ಮಾತ್ರ, ಬಿಸಿಲು ಹೊತ್ತಲ್ಲಿ ಹೊಡೆದರೆ ಎಲೆ ಸುಡುತ್ತದೆ. ಗಂಧಕದ ಪುಡಿ ಏಪ್ರಿಲ್ ಮೇ ತಿಂಗಳಲ್ಲಿ ಬೇಡವೇ ಬೇಡ. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ ಬುಡ ಊದಿಕೊಂಡರೆ ಅದು ನೊಣದ ಕೆಲಸ. ಅಂಥವನ್ನು ಕಿತ್ತು ಸುಡಬೇಕು, ಮೇಲ್ಮಣ್ಣು ತಿರುವಬೇಕು, ಯಾಕೆಂದರೆ ಅದರ ಕೋಶ ಇರೋದು ಮಣ್ಣಲ್ಲಿ.

ಮಲ್ಲಿಗೆ ಮಧ್ಯೆ ಸೇವಂತಿಗೆಯದೊಂದು ಪ್ರಯೋಗ. ಬೀದಿ ಕಡೆಯ ಗೋಡೆ ಸಾಲಿನ ಸೇವಂತಿಗೆ ದೀಪಾವಳಿ ಕಳೆದರೂ ಮೊಗ್ಗು ಬಿಡಲಿಲ್ಲ, ಹಿತ್ತಲ ಕಡೆಯ ಅದೇ ತಳಿ ತುಂಬಿ ನಿಂತಿತ್ತು. ಮಣ್ಣು ಅದೇ, ನೀರು ಅದೇ. ಕಾರಣ ಬೀದಿ ದೀಪ. ಸೇವಂತಿಗೆಗೆ ಉದ್ದ ಕತ್ತಲೆ ಬೇಕು. ಕುಂಡಗಳನ್ನು ಹಿಂದಕ್ಕೆ ಸರಿಸಿದೆ, ಸಂಕ್ರಾಂತಿ ಹೊತ್ತಿಗೆ ಅವೂ ಬಿಟ್ಟವು. ಈಗ ಅದನ್ನೇ ಬಳಸುತ್ತೇನೆ. ಕೆಲವನ್ನು ಬೇಕೆಂದೇ ದೀಪದ ಕೆಳಗೆ ಇಟ್ಟು ತಡ ಮಾಡಿಸುತ್ತೇನೆ, ಹೂವು ಎರಡು ಕಂತಲ್ಲಿ ಸಿಗುತ್ತದೆ. ಗುಲಾಬಿ ಮೇ ತಿಂಗಳಲ್ಲಿ ಮೇಲಿಂದ ಒಣಗುತ್ತಾ ಬರುತ್ತದೆ, ಅದಕ್ಕೆ ಇನ್ನೂ ದಾರಿ ಹುಡುಕುತ್ತಿದ್ದೇನೆ. ಗಲಾಟೆ ಹೂವಿಗೆ ಯಾರ ಹಂಗೂ ಬೇಡ. ಅಂಗಳದ ಕರಿ ಮಣ್ಣಲ್ಲೇ ತಾನೇ ಬಿದ್ದು ತಾನೇ ಹುಟ್ಟುತ್ತದೆ.

ಲೆಕ್ಕ ನೆನಪಿಗೆ ಬಂದ ಹಾಗೆ ಹೇಳುತ್ತೇನೆ. ಸತ್ತ ಸಸಿ, ನೆಟ್, ಪೈಪು, ಮಣ್ಣು ಎಲ್ಲ ಸೇರಿ ಈವರೆಗೆ 14–15 ಸಾವಿರ ಹೋಗಿದೆ. ಅದರಲ್ಲಿ ಕೆಲಸಕ್ಕೆ ಬಂದದ್ದು 6 ಸಾವಿರದ ಸಾಮಾನು ಅಷ್ಟೇ. ನೀವು ಈಗ ಶುರು ಮಾಡಿದರೆ 25 ಬಕೆಟ್‌ಗೆ ಅಷ್ಟರಲ್ಲೇ ಮುಗಿಯುತ್ತದೆ. ಈ ವರ್ಷ ಮಾರಿದ್ದು 7 ಸಾವಿರದ ಆಸುಪಾಸು. ಸಾಮಾನ್ಯ ದಿನ ನನಗೆ ಮಾರಿಗೆ 30 ಸಿಗುತ್ತಿತ್ತು, ಮದುವೆ ಮುಹೂರ್ತ ಇದ್ದಾಗ 60ರವರೆಗೂ ಹೋಯಿತು. ಮೊಗ್ಗನ್ನು ಬಿಸಿಲು ಏರುವ ಮೊದಲು ಬಿಡಿಸಿ, ಒದ್ದೆ ಮಾಡಿ ಹಿಂಡಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರೆ ಸಂಜೆವರೆಗೂ ಬಿಗಿ ಇರುತ್ತದೆ, ದರ ಅದರ ಮೇಲೇ ನಿಂತಿದೆ.

ಈ ಸಲ ಕತ್ತರಿಸಿದ ಕಡ್ಡಿಯಲ್ಲಿ ಪೆನ್ಸಿಲ್ ದಪ್ಪದ್ದನ್ನು ಎಸೆಯುವುದಿಲ್ಲ. ಕೆಂಪು ಮಣ್ಣು, ಮರಳು ಸಮ ಹಾಕಿ ನೆರಳಲ್ಲಿ ನೆಡುತ್ತೇನೆ. ಏಳು ಸುತ್ತಿನದಕ್ಕೆ ಓಣಿಯಲ್ಲಿ ಈಗಾಗಲೇ ಆರೇಳು ಮನೆಯವರು ಹೆಸರು ಹೇಳಿಟ್ಟಿದ್ದಾರೆ. ರೊಕ್ಕ ಹಾಳು ಅಂದವರೂ ಅದರಲ್ಲಿದ್ದಾರೆ, ಅವರಿಗೆ ಮೊದಲು ಕೊಡುತ್ತೇನೆ. ಮಣ್ಣು ಮಾತ್ರ ಅವರೇ ಹುಮನಾಬಾದ್‌ನಿಂದ ತರಿಸಿಕೊಳ್ಳಬೇಕು.