ಎಲೆ ಉದುರಿದ ಗಿಡ ಕೀಳುವ ಮೊದಲು

ಪಾವಗಡ, ಶಿರಾ ಕಡೆ ಬದುಗಳಲ್ಲಿ ಸೀತಾಫಲ ಬೆಳೆಸಿರುವವರು ಬೇಸಿಗೆಯಲ್ಲಿ ಎಲೆ ಉದುರಿತೆಂದು ಗಿಡ ಕೀಳಬೇಡಿ; ಬುಡದ ಹತ್ತಿರ ಉಗುರಿನಿಂದ ತೊಗಟೆಯನ್ನು ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರು, ತೇವ ಕಂಡರೆ ಗಿಡ ಬದುಕಿದೆ. ನೀರು ಹೆಚ್ಚಾಗಿ ಆವಿಯಾಗುವುದು ಎಲೆಗಳ ಮೂಲಕ. ಮಣ್ಣು ಒಣಗಿದಾಗ ಗಿಡ ಅವನ್ನು ಕಳಚಿ, ಚಿಗುರುವುದನ್ನು ನಿಲ್ಲಿಸಿ, ಇರುವ ತೇವವನ್ನು ಕಾಂಡದಲ್ಲಿ, ಬೇರಿನಲ್ಲಿ ಉಳಿಸಿಕೊಳ್ಳುತ್ತದೆ. ತುದಿಯ ಕೊಂಬೆ ಕೆರೆದು ತೀರ್ಮಾನಿಸಬೇಡಿ, ಅದು ಮೊದಲು ಒಣಗುತ್ತದೆ. ಬುಡದಲ್ಲಿ ಕೆರೆದಾಗಲೂ ಒಳಗೆ ಕಂದು ಬಣ್ಣ ಕಂಡರೂ ಹಳೆಯ ಗಿಡವನ್ನು ಮುಂಗಾರಿನ ಮೊದಲ ಹದ ಮಳೆಯವರೆಗೆ ಬಿಡಿ. ಬೇರಿನ ಹತ್ತಿರದಿಂದ ಮತ್ತೆ ಚಿಗುರುವುದುಂಟು. ಹೊಸದಾಗಿ ನೆಟ್ಟ ಸಸಿಗೆ ಹೀಗೆ ಕಾಯುವ ಮಾತು ಅನ್ವಯಿಸದು. ನೀರು ನಿಂತು ಬೇರು ಕೊಳೆತ ಗಿಡದಲ್ಲೂ ಹಸಿರು ಕೆಲವು ದಿನ ಉಳಿದಿರಬಹುದು, ಅಲ್ಲಿ ಈ ಪರೀಕ್ಷೆಯನ್ನು ನಂಬಬೇಡಿ. ಬಾಡಿದ ಗಿಡಕ್ಕೆ ದಯವಿಟ್ಟು ಯೂರಿಯಾ ಹಾಕಬೇಡಿ. ಒಣ ಮಣ್ಣಿನಲ್ಲಿ ಅದು ಬೇರನ್ನೇ ಸುಡುತ್ತದೆ.